ಕಾಲರ್ ಎತ್ತಿ ನೋಡುತ್ತಿದ್ದವರು

ಆ ಶನಿವಾರ ನಾನೂ ನನ್ನ ಯಜಮಾನರೂ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು, ಈ ಪರದೇಶದಲ್ಲಿ ನಮ್ಮ ಮನೆಗೆ ಹತ್ತಿರದ ಎರಿನ್ ಮಿಲ್ಸ್ ಬಡಾವಣೆಯ ಟೈಲರ್ ಹತ್ತಿರ ಹೋಗಿದ್ದೆವು. ಅವರು ಪ್ಯಾಂಟನ್ನು ಪಕ್ಕಕ್ಕಿಟ್ಟು, ಎಂದಿನಂತೆ ಮೊದಲು ಯಜಮಾನರು ತೊಟ್ಟಿದ್ದ ಶರ್ಟಿನ ಕಾಲರ್ ಎತ್ತಿ, ಒಳಗಿನ ಲೇಬಲ್ಲನ್ನೂ ತುದಿಯ ಹೊಲಿಗೆಯನ್ನೂ ನೋಡಿದರು.

"ಭಾಯ್, ಪ್ಯಾಂಟ್ ತಂದ್ರೂ ಕಾಲರೇ ನೋಡ್ತೀರಲ್ಲ!" ಎಂದು ಯಜಮಾನರು ಹಿಂದಿಯಲ್ಲಿ ರೇಗಿಸಿದರು.

"ನಮ್ಮ ದೇಶದ್ದೇ. ಆದ್ರೆ ಅವಳದ್ದಲ್ಲ," ಎಂದರು ಟೈಲರ್. ಪ್ರತಿ ಸಲವೂ ಅದೇ ಮಾತು.

ಅವರು ಬಾಂಗ್ಲಾದೇಶದವರು. ನದಿ ಹೊಲವನ್ನು ಕೊಚ್ಚಿಕೊಂಡು ಹೋದ ಮೇಲೆ ಗಂಡ ಹೆಂಡತಿ ಢಾಕಾದ ಗಾರ್ಮೆಂಟ್ಸ್ ಸೇರಿದ್ದರಂತೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ಇವರು ದಿನವಿಡೀ ತೋಳು ಜೋಡಿಸಿದರೆ, ಆಕೆ ಕಾಲರ್ ಮಾತ್ರ ಹೊಲಿಯುತ್ತಿದ್ದರು. ತುದಿಯಲ್ಲಿ ಎರಡು ಸಲ ಹೊಲಿಗೆ ಹಾಕಬೇಕಾದ ಕಡೆ ಆಕೆ ಮೂರು ಸಲ ಹಾಕುತ್ತಿದ್ದರು. ಸೂಪರ್‌ವೈಸರ್ ಬೈದರೂ ಬಿಡಲಿಲ್ಲ. ಆಕೆ ತೀರಿಕೊಂಡಾಗ ಮನೆಯಲ್ಲಿ ಆಕೆ ಹೊಲಿದ ಒಂದು ಶರ್ಟೂ ಇರಲಿಲ್ಲ. ಎಲ್ಲವೂ ಹಡಗು ಹತ್ತಿ ಇಂಥ ದೇಶಗಳಿಗೆ ಬಂದಿದ್ದವು.

"ಇಲ್ಲೇ ಎಲ್ಲೋ ಯಾರೋ ಹಾಕ್ಕೊಂಡಿರ್ತಾರೆ, ದೀದಿ," ಎಂದು ನನಗೆ ಹೇಳಿ, ನಗುತ್ತಾ ಪ್ಯಾಂಟಿಗೆ ಸೀಮೆಸುಣ್ಣದ ಗುರುತು ಹಾಕಿದರು.

ಮುಂದಿನ ಶನಿವಾರ ಹೋದಾಗ ಅಂಗಡಿ ಮುಚ್ಚಿತ್ತು. ಗುರುವಾರ ಹೃದಯಾಘಾತವಾಗಿ ಅವರು ತೀರಿಕೊಂಡರೆಂದು ಪಕ್ಕದ ಅಂಗಡಿಯವರು ಹೇಳಿ, ತಮ್ಮ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದು ಪ್ಯಾಂಟ್ ಕೊಟ್ಟರು. ಬುಧವಾರವೇ ಹೊಲಿದು, ಇಸ್ತ್ರಿ ಮಾಡಿ ಇಟ್ಟಿದ್ದರಂತೆ.

ಈಗ ಮನೆಯಲ್ಲಿ ಬಟ್ಟೆ ಮಡಚುವಾಗಲೂ ಮಾಲ್‌ನಲ್ಲಿ ಸೇಲಿನ ರಾಶಿಯ ಮುಂದೆ ನಿಂತಾಗಲೂ ನಾನು ಕಾಲರ್ ಎತ್ತಿ ನೋಡುತ್ತೇನೆ. ಮೂರು ಸಲ ಹಾಕಿದ ಹೊಲಿಗೆ ಇನ್ನೂ ಸಿಕ್ಕಿಲ್ಲ.