ಮಾರಾಟಕ್ಕಿಲ್ಲದ ಒಂದು ಬ್ಯಾಟರಿ

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ನಾಲ್ಕು ಮಹಡಿಯ ಕಟ್ಟಡವೊಂದರ ಕೆಳಗೆ, ಬಾನೆಟ್ ತೆರೆದ ಬಿಳಿ ಕಾರಿನ ಮುಂದೆ ಮೀಟರಣ್ಣ ಬಗ್ಗಿ ನಿಂತಿದ್ದಾರೆ. ಕಾರಿನ ಮಾಲೀಕರು ವಿಮಾ ಕಚೇರಿಯ ಗುಮಾಸ್ತರು. ಬನಿಯನ್ನಿನ ಮೇಲೆ ಸ್ವೆಟರ್ ಎಳೆದುಕೊಂಡು ಪಕ್ಕದಲ್ಲಿ ಚಡಪಡಿಸುತ್ತಿದ್ದಾರೆ. ಕೀಲಿ ತಿರುಗಿಸಿದರೆ ಕಾರು ಟಕ್ ಟಕ್ ಎನ್ನುತ್ತದೆ, ಮುಂದಕ್ಕೆ ಮಾತಿಲ್ಲ. ಸರ್ವಿಸ್ ಸೆಂಟರಿನವರು ಕಾರನ್ನು ನೋಡದೆ, ಫೋನಿನಲ್ಲೇ, ಹೊಸ ಬ್ಯಾಟರಿ ಹಾಕಿಸಬೇಕು ಎಂದು ತೀರ್ಪು ಕೊಟ್ಟಿದ್ದಾರಂತೆ.

"ಇದನ್ನ ಹಿಡ್ಕೊಳಿ ಸಾರ್," ಎಂದು ಮೀಟರಣ್ಣ ಅಂಗೈಯಗಲದ ವೋಲ್ಟ್ ಮೀಟರನ್ನು ಗುಮಾಸ್ತರ ಕೈಗೆ ಕೊಡುತ್ತಾರೆ.

"ನಾನ್ಯಾಕೆ? ನಂಗೇನೂ ಗೊತ್ತಾಗಲ್ಲ ಇದ್ರಲ್ಲಿ."

"ಅಂಕಿ ಓದೋಕೆ ಬರುತ್ತಲ್ಲ, ಸಾಕು. ಕೆಂಪು ವೈರು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಏನ್ ತೋರಿಸ್ತಿದೆ?"

"ಹನ್ನೆರಡು ಪಾಯಿಂಟ್ ಐದು."

"ಹನ್ನೆರಡೂವರೆ ಇರೋದು ಸತ್ತಿಲ್ಲ ಸಾರ್. ಮೂಗು ಕಟ್ಟಿದೆ, ಅಷ್ಟೇ."

ಕಟ್ಟಿರುವ ಮೂಗು ಎಂದರೆ ಎರಡು ಟರ್ಮಿನಲ್‌ಗಳ ಮೇಲೆ ಹೂಕೋಸಿನಂತೆ ಅರಳಿರುವ ಬಿಳಿ ಹಸಿರು ಪುಡಿ. ಮೀಟರಣ್ಣ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚುತ್ತಾರೆ. ಫ್ಲಾಸ್ಕಿನಲ್ಲಿ ತಂದ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಸುರಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಾರೆ. ನೊರೆ ಉಕ್ಕುತ್ತದೆ. ಒರೆಸಿ, ಒಣಗಿಸಿ, ಈಗ ಪ್ಲಸ್ ಮೊದಲು, ಮೈನಸ್ ಕೊನೆಗೆ ಬಿಗಿದು, ಮೇಲೊಂದು ಬೆರಳು ವ್ಯಾಸಲೀನ್ ಸವರುತ್ತಾರೆ. ಕೀಲಿ ತಿರುಗಿಸಿದ ಮೊದಲ ಸಲಕ್ಕೇ ಎಂಜಿನ್ ಎದ್ದುಬಿಡುತ್ತದೆ. ಕೂಲಿ ಒಂದು ಊಟದ ಬೆಲೆ.

"ಇಷ್ಟೇನಾ? ನಾನೇ ಮಾಡ್ಕೋಬಹುದಿತ್ತು," ಎನ್ನುತ್ತಾರೆ ಗುಮಾಸ್ತರು.

"ಮಾಡ್ಕೊಳ್ಳಿ ಅಂತಾನೇ ತೋರಿಸಿದ್ದು."

"ಹಿಂಗೆ ಎಲ್ಲರಿಗೂ ಹೇಳ್ಕೊಡ್ತಾ ಹೋದ್ರೆ ನಿಮ್ಮ ಹೊಟ್ಟೆಪಾಡು?"

"ಜನ ಮರೀತಾರೆ ಸಾರ್. ಅದೇ ನನ್ನ ಹೊಟ್ಟೆಪಾಡು."

ಮೀಟರಣ್ಣನಿಗೆ ಈಗ ಐವತ್ತೆಂಟು. ಮೂವತ್ತು ವರ್ಷಗಳಿಂದ ಬ್ಯಾಟರಿ ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ. ಹೊಲಿಗೆ ಅಂಗಡಿಗೂ ಕೀಲಿ ಮಾಡುವವನ ಗೂಡಿಗೂ ನಡುವೆ ಅವರ ಅಂಗಡಿ. ಇಬ್ಬರು ಒಳಗಿದ್ದರೆ ಮೂರನೆಯವರು ಹೊರಗೇ ನಿಲ್ಲಬೇಕು. ದಿನಕ್ಕೆ ಎಂಟೋ ಹತ್ತೋ ಕಾರುಗಳು. ಹೊಸ ಬ್ಯಾಟರಿ ಮಾರುವುದು ವಾರಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಒಂದೊಂದೂ ಹದಿನೈದು ಕಿಲೋ. ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿದೆ. ಆಸಿಡ್ ಸಿಡಿದು ಅಂಗಿಗಳೆಲ್ಲ ತೂತು. "ಇವರ ಅಂಗೀಲಿ ಹಿಟ್ಟು ಜರಡಿ ಹಿಡೀಬಹುದು," ಎಂದು ಪಕ್ಕದ ಹೊಲಿಗೆ ಅಂಗಡಿಯಿಂದ ಒಂದು ದನಿ ಬರುತ್ತದೆ. ಅದು ಅವರ ಹೆಂಡತಿ.

ಕೇಳಿದವರಿಗೆಲ್ಲ ಅವರು ಹೇಳುವುದು ಅದದೇ ನಾಲ್ಕು ಮಾತು. ರಾತ್ರಿಯಿಡೀ ನಿಂತ ಕಾರಿನಲ್ಲಿ, ಸ್ಟಾರ್ಟ್ ಮಾಡುವ ಮೊದಲೇ ಮೀಟರ್ ಇಟ್ಟು ನೋಡಿ. ಹನ್ನೆರಡೂವರೆಯ ಹತ್ತಿರ ಇದ್ದರೆ ದುಡಿಮೆಗೆ ಅಡ್ಡಿಯಿಲ್ಲ. ಪೂರ್ತಿ ಚಾರ್ಜ್ ಮಾಡಿದ ಮೇಲೂ ಒಂದೆರಡು ದಿನದಲ್ಲಿ ಹನ್ನೆರಡರ ಕೆಳಗೆ ಇಳಿದರೆ ಮಾತ್ರ ಹೊಸದರ ಯೋಚನೆ ಮಾಡಿ. ಮುಚ್ಚಳ ತೆರೆಯುವ ಬಗೆಯದಾದರೆ ಡಿಸ್ಟಿಲ್ಡ್ ವಾಟರ್ ಬಿಟ್ಟು ನಲ್ಲಿ ನೀರು ಹಾಕಬೇಡಿ. ಹೊಸದು ಕೊಳ್ಳುವಾಗ ತಯಾರಾದ ತಿಂಗಳು ನೋಡಿ, ಹಳೆಯದರ ಬೆಲೆ ಕಳೆಯದೆ ದುಡ್ಡು ಕೊಡಬೇಡಿ.

ಐದನೆಯದು ಹೇಳುವ ಮಾತಲ್ಲ, ಅವರು ಪಾಲಿಸುವ ನೇಮ. ಮೀಟರ್ ಗಿರಾಕಿಯ ಕೈಯಲ್ಲಿರಬೇಕು, ಅಂಕಿಯನ್ನು ಗಿರಾಕಿಯೇ ಓದಬೇಕು. ಅಡ್ಡಹೆಸರು ಬಂದದ್ದು ಇದರಿಂದಲೇ. ಯಾಕೆ ಹೀಗೆ ಎಂದು ಕೇಳಿದಾಗ ಅವರು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಸಾಲಾಗಿ ಇಡುತ್ತಾರೆ.

"ಹದಿನಾಲ್ಕು ವರ್ಷದ ಕೆಳಗೆ ನಾನು ದೊಡ್ಡ ಅಂಗಡೀಲಿದ್ದೆ," ಎನ್ನುತ್ತಾರೆ ಕೊನೆಗೆ. "ತಿಂಗಳಿಗೆ ಇಷ್ಟು ಬ್ಯಾಟರಿ ಮಾರ್ಲೇಬೇಕು ಅಂತ ಲೆಕ್ಕ ಇತ್ತು. ಗಿರಾಕಿ ಒಳಗೆ ಟೀ ಕುಡೀತಿರುವಾಗ ಹೆಡ್‌ಲೈಟ್ ಹಾಕಿ ಅರ್ಧ ಗಂಟೆ ಬಿಡೋದು. ಆಮೇಲೆ ಆರಿಸಿ, ಕರೆದು ಮೀಟರ್ ತೋರಿಸೋದು. ಅಂಕಿ ಸುಳ್ಳಲ್ಲ ನೋಡಿ. ಇಳಿದೇ ಇರುತ್ತೆ."

ಹಾಗೆ ಅವರು ಮೋಸ ಮಾಡಿದವರಲ್ಲಿ ಒಬ್ಬರು ಆಸ್ಪತ್ರೆಯ ನರ್ಸಮ್ಮ. ಆ ದಿನ ಚೀಲದಿಂದ ಅವರೊಂದು ಲಕೋಟೆ ತೆಗೆದರು. ಮೇಲೆ 'ಕನ್ನಡಕ' ಎಂದು ಬರೆದಿತ್ತು. "ಕಣ್ಣು ಇನ್ನೊಂದ್ ತಿಂಗಳು ತಡ್ಕೊಳುತ್ತೆ, ಡ್ಯೂಟಿ ತಡ್ಕೊಳಲ್ಲ," ಎಂದು ಲಕೋಟೆ ಖಾಲಿ ಮಾಡಿ ಹೊಸ ಬ್ಯಾಟರಿ ಹಾಕಿಸಿಕೊಂಡು ಹೋದರು. ಅವರ ಹಳೆಯ ಬ್ಯಾಟರಿಯನ್ನು ಗುಜರಿ ಬೆಲೆಗೆ ಕೊಂಡು ಮೀಟರಣ್ಣ ಮನೆಗೆ ತಂದರು. ಕರೆಂಟು ಹೋದಾಗ ಹೆಂಡತಿಯ ಹೊಲಿಗೆ ಯಂತ್ರದ ಮೇಲೊಂದು ಬಲ್ಬು ಉರಿಯಲಿ ಎಂದು.

"ಇವತ್ತು ಸಾಯುತ್ತೆ, ನಾಳೆ ಸಾಯುತ್ತೆ ಅಂತ ಕಾದೆ. ಸತ್ತಿದ್ರೆ ನನ್ನ ಮಾತು ನಿಜ ಆಗ್ತಿತ್ತಲ್ಲ. ಮೂರು ವರ್ಷ ನಾಲ್ಕು ತಿಂಗಳು ಉರೀತು."

ಅದು ಸತ್ತ ತಿಂಗಳಲ್ಲೇ ಅವರು ದೊಡ್ಡ ಅಂಗಡಿ ಬಿಟ್ಟರು, ಈ ಗೂಡು ಹಾಕಿದರು. ನರ್ಸಮ್ಮ ಹುಡುಕಿಕೊಂಡು ಇಲ್ಲಿಗೇ ಬಂದರು. ಆರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದರು. ಇವರು ಅಕ್ಕ ಎನ್ನುತ್ತಿದ್ದರು, ಅವರು ತಮ್ಮ ಎನ್ನುತ್ತಿದ್ದರು.

ಕಳೆದ ವರ್ಷ ಅವರು ಜೊತೆಗೆಲಸದವಳನ್ನು ಕರೆತಂದು, "ಈ ತಮ್ಮ ಏನ್ ಹೇಳಿದ್ರೂ ಕಣ್ಮುಚ್ಕೊಂಡು ನಂಬು," ಎಂದರಂತೆ. ಆಕೆ ತನ್ನ ಕಾರು ತೆಗೆದುಕೊಂಡು ಹೊರಟ ಮೇಲೆ ಮೀಟರಣ್ಣ ನರ್ಸಮ್ಮನನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿಬಿಟ್ಟರು.

"ಬಯ್ತಾರೆ ಅಂದ್ಕೊಂಡಿದ್ದೆ. ಬಯ್ಲಿಲ್ಲ. ಎಷ್ಟು ದಿನ ಬಂತು ಆ ಹಳೇದು ಅಂದ್ರು. ಹೇಳ್ದೆ. ಇವತ್ತಿಂದು ಎಷ್ಟಾಯ್ತು ಅಂದ್ರು. ಬೇಡ ಅಂದ್ರೂ ಕೊಟ್ಟು ಹೋದ್ರು."

ಮತ್ತೆ ಬಂದಿಲ್ಲ.

"ನಾನು ಬೇಡ ಅಂದಿದ್ದೆ," ಎಂದು ಹೆಂಡತಿ ಯಂತ್ರ ನಿಲ್ಲಿಸಿ ಹೇಳುತ್ತಾರೆ. "ಹದಿಮೂರು ವರ್ಷ ಹೊತ್ತವರು ಇನ್ನಷ್ಟು ದಿನ ಹೊರೋದಲ್ವಾ? ಇವರ ಎದೆ ಹಗುರ ಮಾಡ್ಕೊಳೋಕೆ ಆ ಅಕ್ಕನ ಎದೆ ಮೇಲೆ ಇಟ್ರು."

"ನಂದೇನೂ ಹಗುರ ಆಗ್ಲಿಲ್ಲ ಬಿಡೇ," ಎನ್ನುತ್ತಾರೆ ಗಂಡ.

ಆಗದಿರಲು ಕಾರಣವಿದೆ. ಮೀಟರಣ್ಣ ತಾವು ಪರೀಕ್ಷಿಸಿದ ಪ್ರತಿ ಬ್ಯಾಟರಿಯ ಪಕ್ಕೆಗೆ ಬಿಳಿ ಬಣ್ಣದಲ್ಲಿ ತಾರೀಕು ಬರೆಯುತ್ತಾರೆ. ನಾಲ್ಕು ತಿಂಗಳ ಹಿಂದೆ ಗುಜರಿಯವನ ರಾಶಿಯಲ್ಲಿ ತಮ್ಮದೇ ಕೈಬರಹ ಕಂಡಿತು. ನರ್ಸಮ್ಮ ಕೊನೆಯ ಸಲ ಬಂದ ತಾರೀಕು, ಪಕ್ಕದಲ್ಲಿ 'ಅಕ್ಕ' ಎಂಬ ಗುರುತು. ಬ್ಯಾಟರಿ ಎಲ್ಲಿಂದ ಬಂತು ಎಂದರೆ ಗುಜರಿಯವನು ದೊಡ್ಡ ಅಂಗಡಿಯ ಹೆಸರು ಹೇಳಿದ. ಮೀಟರಣ್ಣ ಅದನ್ನು ಹೊತ್ತು ತಂದು ಒಂದು ರಾತ್ರಿ ಚಾರ್ಜಿಗೆ ಹಾಕಿ, ಒಂದು ಹಗಲು ಸುಮ್ಮನೆ ಬಿಟ್ಟು, ಮೀಟರ್ ಇಟ್ಟರು. ಹನ್ನೆರಡು ಪಾಯಿಂಟ್ ಆರು.

"ನಾನು ಬಾಯಿ ಮುಚ್ಕೊಂಡಿದ್ರೆ ಅವರು ಇಲ್ಲಿಗೇ ಬರ್ತಿದ್ರು. ನಿಜ ಹೇಳಿ ಅವರನ್ನ ಅಲ್ಲಿಗೆ ಕಳಿಸ್ದೆ. ಎರಡನೇ ಸಲಾನೂ ಸರಿ ಇರೋ ಬ್ಯಾಟರಿ ತೆಗೆಸಿ ಹೊಸದಕ್ಕೆ ದುಡ್ಡು ಸುರಿದ್ರು. ಎರಡೂ ಸಲ ನಾನೇ."

ಪಕ್ಕದಲ್ಲಿ ಹೆಂಡತಿ ಮತ್ತೆ ಯಂತ್ರ ತುಳಿಯತೊಡಗುತ್ತಾರೆ.

ಆ ಬ್ಯಾಟರಿ ಅಂಗಡಿಯ ಒಳಮೂಲೆಯಲ್ಲಿ, ಹಲಗೆಯ ಮೇಲೆ, ಬಟ್ಟೆ ಹೊದ್ದು ಕೂತಿದೆ. ತಿಂಗಳಿಗೊಮ್ಮೆ ಚಾರ್ಜ್ ಆಗುತ್ತದೆ. ಬೆಲೆ ಕೇಳಿದವರಿಗೆ, ಅದು ಬೇರೆಯವರದು ಎಂಬ ಉತ್ತರ ಸಿಗುತ್ತದೆ. ಆಸ್ಪತ್ರೆ ಇಲ್ಲಿಂದ ಹತ್ತು ನಿಮಿಷದ ದಾರಿ. ನೀವೇ ಹೋಗಿ ಕೊಟ್ಟು ಬರಬಹುದಲ್ಲ ಎಂದರೆ ಮೀಟರಣ್ಣ ಇಲ್ಲವೆಂದು ತಲೆಯಾಡಿಸುತ್ತಾರೆ.

"ಗೇಟಿನ ತನಕ ಎರಡು ಸಲ ಹೋಗಿದ್ದೆ. ನಾನಾಗಿ ಹೋದ್ರೆ ಮತ್ತೆ ನನ್ನ ಸಮಾಧಾನಕ್ಕೇ ಹೋದಂಗೆ. ಅವರ ಕಾರು ಒಂದಿನ ಸ್ಟಾರ್ಟ್ ಆಗ್ದೆ, ಬೇರೆ ಯಾರೂ ಸಿಗ್ದೆ, ಬೇಜಾರು ಮಾಡ್ಕೊಂಡಾದ್ರೂ ಇಲ್ಲಿಗೆ ಬಂದ್ರೆ, ಅದನ್ನ ಹಾಕಿ ಕಳಿಸ್ತೀನಿ. ಮಾತಾಡ್ಸೋದೂ ಬೇಡ."

ಎಷ್ಟು ದಿನ ಹೀಗೆ ಇಟ್ಟುಕೊಳ್ಳಬಹುದು?

ಅವರು ಬಟ್ಟೆ ಸರಿಸಿ, ಟರ್ಮಿನಲ್ ಮೇಲೆ ಬೆರಳಾಡಿಸಿ ನೋಡುತ್ತಾರೆ. ವ್ಯಾಪಾರದ ದನಿಯಲ್ಲೇ ಉತ್ತರಿಸುತ್ತಾರೆ.

"ಸುಮ್ನೆ ಇಟ್ರೂ ಬ್ಯಾಟರಿಗೆ ವಯಸ್ಸಾಗುತ್ತೆ. ಚೆನ್ನಾಗಿ ನೋಡ್ಕೊಂಡ್ರೆ ಇನ್ನೆರಡು ವರ್ಷ. ಅಷ್ಟರೊಳಗೆ ಬಂದ್ರೆ ಸಾಕು."