ತಾಲೀಮಿನಾಗ ಬಂದ ಖಣ

"ಯಾರವ್ವಾ ನೀ? ಎಲ್ಲಿಂದ ಬಂದಿ?"

ಹೋದ ಶುಕ್ರವಾರ ಕಮಲಾಪುರದಾಗ ಸಾರಥಿ ನನ್ನ ತಡದು ಹಿಂಗ ಕೇಳಿದ.

ದೊಡ್ಡಾಟ ನೋಡಿದವರಿಗೆ ಗೊತ್ತದ. ಯಾವ ಪಾತ್ರನೂ ಸುಮ್ನ ಬಂದು ಕುಣಿಯಂಗಿಲ್ಲ. ಆಟ ನಡಸೋ ಸಾರಥಿ ತಡದು ಕೇಳ್ತಾನ. ಪಾತ್ರ ತನ್ನ ಹೆಸರು, ಊರು, ಹುಟ್ಟು ಎಲ್ಲಾ ಹೇಳಬೇಕು. ನಂದು ರಾಣಿ ಪಾತ್ರ. (ವಾರಪೂರ್ತಿ ಕಲಬುರಗಿ ಕಚೇರಿಯಾಗ ಮುನ್ಷಿ ಶರಣಪ್ಪ, ನಿಜಾಮ ಸರಕಾರದ ಶುಕ್ರವಾರ ಸೂಟಿಗೆ ರಾಣಿ. ನಿಮಗಿದು ಹೊಸದಲ್ಲ ಬಿಡ್ರಿ.)

ಅವತ್ತು ಹಾಡಹಗಲಿನ ತಾಲೀಮು. ಸೀರಿ ಉಟ್ಟು, ಬಣ್ಣ ಹಚ್ಚಿ, ಗೆಜ್ಜಿ ಕಟ್ಟಿ ಬಂದು ನೋಡಿದ್ರ ಎದುರಿಗೆ ನಮ್ಮಣ್ಣ! ಸಂಜಿಗೆ ಬರ್ತೀನಿ ಅಂದಾವ ಮಧ್ಯಾಹ್ನಕ್ಕೇ ಕೋಟನೂರಿಂದ ಬಂದು ಕುಂತಾನ. ನನ್ನ ಹೆಣ್ಣು ವೇಷ ಅವ ಒಮ್ಮೆನೂ ನೋಡಿದಾವಲ್ಲ. ಕಂಕುಳಾಗ ಗಂಟು. ಅದರಾಗ ಏನದ ಅಂತ ನನಗ ಗೊತ್ತಿತ್ತು, ಕಮಲಾಪುರದ ಹುಡುಗಿಗೆ ತಂದ ಕುಪ್ಪಸದ ಖಣ. ಆಕಿನ್ನ ನನಗ ಲಗ್ನಕ್ಕ ಗಟ್ಟಿ ಮಾಡಾಕ ಸಂಜಿಗೆ ಹೋಗೋದಿತ್ತು. ಒಲ್ಲೆ ಅಂತ ಹೇಳಾಕ ಮೂರು ತಿಂಗಳಿಂದ ಧೈರ್ಯ ಸಾಲಿರಲಿಲ್ಲ. ಯಾಕ ಒಲ್ಲೆ ಅಂತ ಹೇಳೋದಂತೂ ದೂರ ಉಳೀತು.

ಸಾರಥಿ ಮತ್ತ ಕೇಳಿದ. ಬಾಯಿಪಾಠ ಮಾಡಿದ್ದೆಲ್ಲಾ ಮರತು ಹೋಯ್ತು. ಬಂದದ್ದು ಬ್ಯಾರೆನೇ.

"ನಾ ಶರಣವ್ವ. ಊರು ಕೋಟನೂರು. ಶರಣಪ್ಪ ಅಂತ ಹೆಸರಿಟ್ಟಾರ, ಖರೇ, ಆದ್ರ ಬುದ್ಧಿ ಬಂದಾಗಿಂದ ನಾ ಹೆಣ್ಣೇ. ಅವ್ವನ ಸೀರಿ ಕದ್ದು ಉಟ್ಟು ಜ್ವಾಳದ ಚೀಲದ ಹಿಂದ ಕುಂದರ್ತಿದ್ದೆ. ಒಂದು ಹುಡುಗಿ ಬಾಳೇ ಹಾಳು ಮಾಡಾಕ ನನಗ ಮನಸಿಲ್ಲ."

ಮದ್ದಳಿ ನಿಂತು ಹೋಯ್ತು. ಆಟ ಕಲಸೋ ಮಾಸ್ತರ ತಲಿ ಮ್ಯಾಲ ಕೈ ಹೊತ್ತ. (ಪಾಪ, ರಾಣಿ ಮಾತೆಲ್ಲಾ ಅವನೇ ಬರ್ದಿದ್ದ.) ಅಣ್ಣ ಎದ್ದ. ಮುಗೀತು, ಬಾರಕೋಲಿನ ಏಟು ಬೀಳ್ತದ ಅಂತ ಕಣ್ಣು ಮುಚ್ಚಿದೆ.

ಆಟದಾಗ ಮಂದಿ ಮೆಚ್ಚಿ ಆಹೇರಿ, ಅಂದ್ರ ಉಡುಗೊರಿ, ಕೊಟ್ರ ಅದು ಯಾರಿಗೆ ಅಂತ ಸಾರಥಿ ಹೆಸರು ಹಿಡಿದು ಕೂಗ್ತಾನ. ತಾಲೀಮಿನಾಗ ಆ ಪದ್ಧತಿ ಇಲ್ಲ. ಆದ್ರೂ ಅಣ್ಣ ಗಂಟು ಬಿಚ್ಚಿ ಖಣ ತಗದು ಸಾರಥಿ ಕೈಗೆ ಕೊಟ್ಟ.

"ಯಾರ ಹೆಸರಿಗೆ ಕೂಗಲ್ರೀ?"

"ನಮ್ಮ ತಂಗಿ ಶರಣವ್ವನ ಹೆಸರಿಗೆ. ಜೋರ ಕೂಗು." ಅಂದ ನಮ್ಮಣ್ಣ.

ಅಬ್ಬಬ್ಬಾ! ಎಷ್ಟು ವರ್ಷದ ಭಾರ ಇಳೀತ್ರೀ! ಅಲ್ಲೇ ಕುಂತು ಅತ್ತೆ, ಮುಖದ ಬಣ್ಣೆಲ್ಲಾ ಹೋಯ್ತು. ಹುಡುಗಿ ಮನಿಗೆ ಅಣ್ಣ ಒಬ್ಬನೇ ಹೋಗಿ, ಸಂಬಂಧ ಬ್ಯಾಡ್ರಿ ಅಂತ ಕೈ ಮುಗದು ಬಂದ. ವಾಪಸ್ ಬರುವಾಗ ಬಂಡಿಯಾಗ ಬೈದ.

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀ ಎಲ್ಲಿ ಕೇಳಿದ್ಯೋ ಯಣ್ಣಾ?" ಅಂದೆ.

ಸುಳ್ಳೇನು? ಕಚೇರಿಯಾಗ ದಿನಾ ಮಂದಿ ಅರ್ಜಿ ಬರೀತೀನಿ. ಹೆಸರು, ತಂದಿ ಹೆಸರು, ಊರು, ಎಲ್ಲಾ ಬ್ಯಾರೆಯವರು ಕೊಟ್ಟದ್ದೇ. ನೀ ಯಾರು ಅಂತ ಕೇಳಿ, ಉತ್ತರ ಮುಗಿಯೋತನಕ ಸುಮ್ನ ನಿಲ್ಲಾವ ನಮ್ಮ ಸಾರಥಿ ಒಬ್ಬನೇ.

ನಿಮ್ಮ ಮನ್ಯಾಗ ಆ ಕೆಲಸ ಯಾರು ಮಾಡ್ತಾರ್ರೀ?