ಕಂಟ್ರೋಲರಿಗೆ ಸಿಕ್ಕ ಕಡೆಯ ಪಾಲು

ನಮ್ಮ ಜಿಪಾರ್ ಮೆತ್ತನೆಯವಳು. ಕಿರಿಮಗನ ಹೆಂಡತಿ. ಮನೆಗೆ ಬಂದು ಇಷ್ಟು ವರ್ಷವಾದರೂ ನನಗೆ ಚಹಾ ಕೊಡುವಾಗ ಬಟ್ಟಲಿಗೆ ಎರಡೂ ಕೈ ಹಿಡಿಯುತ್ತಾಳೆ. ಅವಳು ನಾರಿನ್ ಊರಿನ ಶಿಕ್ಷಕರ ಕಾಲೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ನಾನು ಅದೇ ಕಾಲೇಜಿನ ಬಾಗಿಲಲ್ಲಿ ಬಂದವರ ಕೋಟು ಇಸಿದುಕೊಂಡು ಗೂಟಕ್ಕೆ ತೂಗುಹಾಕುತ್ತೇನೆ. ಮೊಣಕಾಲು ಹಿಡಿದರೂ ಕೆಲಸ ಬಿಟ್ಟಿಲ್ಲ. ಮನೆಯಲ್ಲಿ ಕೂತರೆ ಯಾರ ಮಾತು ಕೇಳಲಿ?

ಕಾಲೇಜಿನ ಸೂರಿಗೆಲ್ಲ ವೈಫೈ ಕೊಡುವ ಬಿಳಿ ತಟ್ಟೆಗಳನ್ನು ಅಂಟಿಸಿದ್ದಾರೆ. ಅವನ್ನೆಲ್ಲ ಒಟ್ಟಿಗೆ ಕಾಯುವ ಪೆಟ್ಟಿಗೆಯೊಂದಿತ್ತು, ಕಂಟ್ರೋಲರ್ ಅಂತ. ಕುರಿಹಿಂಡಿಗೆ ಕುರುಬ ಇದ್ದ ಹಾಗೆ. ಚಳಿಗಾಲದಲ್ಲಿ ಕರೆಂಟು ಹೋಗಿ ಒಮ್ಮೆಲೇ ಜಾಸ್ತಿ ಬಂದು ಅದು ಸುಟ್ಟುಹೋಯಿತು. ಹೊಸದು ತರಿಸಿದರೆ ಪೆಟ್ಟಿಗೆಯೇ ಬರಲಿಲ್ಲ. ಈಗಿನ ಕುರುಬ ಬರೀ ಸಾಫ್ಟ್‌ವೇರ್ ಅಂತೆ; ಮೈಯಿಲ್ಲ, ಮನೆಯಿಲ್ಲ, ಬೇರೊಂದು ಯಂತ್ರದೊಳಗೆ ಒಕ್ಕಲಿರಬೇಕು. ಕಾಲೇಜಿನಲ್ಲಿದ್ದ ದೊಡ್ಡ ಯಂತ್ರವೋ ಒಂದೇ. ಆ ಒಂದನ್ನು ಹಲವು ಯಂತ್ರಗಳ ಹಾಗೆ ನಡೆಸಬೇಕೆಂದರೆ ಎಲ್ಲಕ್ಕೂ ಕೆಳಗೆ ಇನ್ನೊಂದು ಸಾಫ್ಟ್‌ವೇರ್ ಹಾಸಬೇಕು. ಯಾವುದನ್ನು ಹಾಸುವುದು ಎಂಬಲ್ಲೇ ಜಗಳ ಶುರುವಾಯಿತು. ವಸಂತದಲ್ಲಿ ಪ್ರವೇಶ ಪರೀಕ್ಷೆ, ಮಕ್ಕಳು ಬರೆಯುವುದು ಟ್ಯಾಬ್ಲೆಟ್ಟಿನಲ್ಲಿ. ವೈಫೈ ಬಿದ್ದರೆ ಪರೀಕ್ಷೆ ಬಿತ್ತು, ಮಕ್ಕಳ ಒಂದು ವರ್ಷವೂ ಬಿತ್ತು.

ಸಭೆಗೆ ಚಹಾ ಕೊಂಡುಹೋದವಳು ನಾನೇ, ಹಾಗಾಗಿ ಎಲ್ಲ ಕೇಳಿಸಿಕೊಂಡೆ. ಮೂರು ಸಾಫ್ಟ್‌ವೇರ್ ಇದ್ದವು. ಒಂದು ಬಹಳ ಹೆಸರಾದದ್ದು, ಆದರೆ ವರ್ಷವರ್ಷವೂ ಬಾಡಿಗೆ ಕಟ್ಟಬೇಕು. ಒಂದು ವಿಂಡೋಸ್ ಜೊತೆಗೇ ಬರುವುದು. ಲೆಕ್ಕಪತ್ರದ ಶೆರ್ಮತನಿಗೆ ಅದೇ ಬೇಕು. ಇನ್ನೊಂದು ಪುಕ್ಕಟೆ.

"ಕಂಟ್ರೋಲರ್ ಮಾಡಿದೋರು ವಿಂಡೋಸಿನದ್ರಲ್ಲಿ ಹಾಕಿದ್ರೆ ನಾವು ಜವಾಬ್ದಾರಿ ಅಲ್ಲ ಅಂತ ಬರ್ದಿದಾರೆ, ಬೈಕೆ," ಅಂದಳು ಜಿಪಾರ್. ಬೈಕೆ ಅಂದರೆ ಅಣ್ಣ. ಹಿರಿಯ ಗಂಡಸರನ್ನೆಲ್ಲ ಹಾಗೇ ಕರೆಯುವುದು, ನನ್ನಂಥ ಹೆಂಗಸರನ್ನು ಅಪಾ, ಅಂದರೆ ಅಮ್ಮ, ಅಂತ. "ಬಾಡಿಗೇದು ನಮ್ಮ ಕೈಲಾಗಲ್ಲ. ಪುಕ್ಕಟೆದೇ ಹಾಕೋಣ."

"ಪುಕ್ಕಟೆ ಚೀಸು ಇಲಿಬೋನಲ್ಲಿ ಮಾತ್ರ ಸಿಗೋದು, ಸೊಸೆ," ಅಂದ ಶೆರ್ಮತ್. ನಮ್ಮಲ್ಲಿ ಊರಿಗೆ ಬಂದ ಸೊಸೆ ಊರಿಗೆಲ್ಲ ಸೊಸೆ. "ನಾಳೆ ಬಾಲ ಸಿಕ್ಕಿಹಾಕ್ಕೊಂಡ್ರೆ ಯಾರದ್ದು?"

"ನಂದೇ," ಅಂದಳು ಹುಡುಗಿ. ಡೈರೆಕ್ಟರ್ ತೊಕ್ತೊಸುನ್ ಒಪ್ಪಿದ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆಮೇಲೆ ಬಂತು ಯಂತ್ರದ ಮೆಮೊರಿ ಹಂಚುವ ಮಾತು. ಕುರಿ ಕಡಿದಾಗ ನಾವು ಹೇಗೆ ಹಂಚುತ್ತೇವೆ? ಹಿರಿಯನಿಗೆ ಸೊಂಟದ ಮೂಳೆ, ಅವನ ನಂತರದವನಿಗೆ ತೊಡೆ, ಹೀಗೇ ವಯಸ್ಸಿನ ಸಾಲಿನಲ್ಲಿ ಇಳಿದು ಬಂದು, ಬಡಿಸುವ ಸೊಸೆಗೆ ಕಡೆಗೆ ಉಳಿದದ್ದು. ನನ್ನ ಗಂಡ, ಅವನ ಆತ್ಮಕ್ಕೆ ಶಾಂತಿಯಿರಲಿ, ಒಮ್ಮೆ ಮದುವೆಯೊಂದರಲ್ಲಿ ಮೂಳೆ ಅದಲುಬದಲು ಮಾಡಿದ್ದಕ್ಕೆ ಆ ಮನೆಯವರು ಇವತ್ತಿಗೂ ನಮ್ಮನ್ನು ಕರೆಯುವುದಿಲ್ಲ! ಇರಲಿ. ಆ ಗಂಡಸರು ಮೆಮೊರಿಯನ್ನೂ ಹಾಗೇ ಹಂಚಿದರು. ಶೆರ್ಮತನ ಲೆಕ್ಕಪತ್ರದ ಸಾಫ್ಟ್‌ವೇರ್ ಎಲ್ಲಕ್ಕಿಂತ ಹಳೆಯದು, ಅದಕ್ಕೆ ದೊಡ್ಡ ಪಾಲು. ಆಮೇಲೆ ಡೈರೆಕ್ಟರನ ಕಾಗದಪತ್ರಗಳಿಗೆ. ಮೊನ್ನೆ ಬಂದ ಕಂಟ್ರೋಲರಿಗೆ ತಳದಲ್ಲಿ ಉಳಿದದ್ದು.

"ಇದಕ್ಕೆ ಸಾಲಲ್ಲ ಬೈಕೆ," ಅಂದಳು ಜಿಪಾರ್, ಒಂದೇ ಸಲ.

"ಹೊಸಬರು ಮೊದಲು ಕೆಲಸ ಮಾಡಿ ತೋರಿಸ್ಲಿ," ಅಂದ ತೊಕ್ತೊಸುನ್. ಅವಳು ಕಣ್ಣು ಕೆಳಗೆ ಹಾಕಿದಳು. ನಾವೇ ಕಲಿಸಿದ ನಡತೆ ಅದು. ಮೇಷ್ಟ್ರುಗಳ ಫೋನುಗಳನ್ನು ಜೋಡಿಸಿ ನೋಡಿದಾಗ ವೈಫೈ ಚೆನ್ನಾಗೇ ನಡೆಯಿತು, ಎಲ್ಲರೂ ಮರೆತರು.

ವಸಂತವಾದರೂ ಪರೀಕ್ಷೆಯ ಬೆಳಿಗ್ಗೆ ಹಿಮ ಬೀಳುತ್ತಿತ್ತು. ನನ್ನ ಗೂಟಗಳೆಲ್ಲ ತುಂಬಿ ಕೋಟಿನ ಮೇಲೆ ಕೋಟು ಹಾಕಿದ್ದೆ. ಅತ್-ಬಾಶಿ ಕಡೆಯ ಹಳ್ಳಿಗಳಿಂದ ರಾತ್ರಿಯೇ ಹೊರಟು ಬಂದ ಮಕ್ಕಳಿದ್ದರು. ಎಲ್ಲರೂ ಒಳಹೋಗಿ ಟ್ಯಾಬ್ಲೆಟ್ಟು ತೆರೆದರು, ಅಷ್ಟೇ. ಮೊದಲು ಕೂತವರಿಗೆ ವೈಫೈ ಬಂತು, ನಂತರದವರಿಗೆ ಬರಲಿಲ್ಲ, ಆಮೇಲೆ ಮೊದಲಿನವರದ್ದೂ ಹೋಯಿತು. ರಾಜಧಾನಿಯಿಂದ ಬಂದಿದ್ದ ಪರೀಕ್ಷಾಧಿಕಾರಿ ಹೆಂಗಸು ಗೋಡೆಗಡಿಯಾರ ನೋಡಿ ಹೇಳಿದಳು: "ಹತ್ತಕ್ಕೆ ಶುರುವಾಗದಿದ್ರೆ ರದ್ದು. ಮುಂದಿನ ವರ್ಷ ಬರ್ಲಿ."

ಶೆರ್ಮತ್ ಓಡಿಬಂದ. "ನಾನು ಹೇಳಿರ್ಲಿಲ್ವಾ? ಪುಕ್ಕಟೆ ಮಾಲು! ಕಿತ್ತು ಬಿಸಾಕು, ವಿಂಡೋಸಿನದು ಹಾಕು!"

"ಈಗ ಕಿತ್ರೆ ಸಂಜೆ ತನಕ ಏನೂ ಏಳಲ್ಲ," ಅಂದಳು ನನ್ನ ಪಕ್ಕ ನಿಂತಿದ್ದ ಜಿಪಾರ್. "ತಪ್ಪು ಅದರದ್ದಲ್ಲ ಬೈಕೆ, ಕಂಟ್ರೋಲರ್ ಉಪವಾಸ ಇದೆ. ನಿಮ್ಮ ಲೆಕ್ಕಪತ್ರ ಒಂದು ಗಳಿಗೆ ಮುಚ್ಚಿ, ಆ ಮೆಮೊರಿ ಇದಕ್ಕೆ ಕೊಡ್ತೀನಿ."

"ಅರ್ಧ ತುಂಬಿಸಿಟ್ಟಿದೀನಿ. ಮುಟ್ಟಬೇಡ. ಡೈರೆಕ್ಟರನ್ನ ಕರ್ಕೊಂಡ್ ಬರ್ತೀನಿ," ಅಂತ ಹೊರಟ.

ಜಿಪಾರ್ ನನ್ನ ಕಡೆ ನೋಡಿದಳು. "ಅಪಾ, ಹಿರಿಯರ ತಟ್ಟೆಯಿಂದ ತೆಗೀಲಾ?"

ಹೂಂ ಅಂದರೆ ನಾಳೆ ಊರೆಲ್ಲ ಅವಳ ಅತ್ತೆಯೇ ಕಲಿಸಿಕೊಟ್ಟಳು ಅನ್ನುತ್ತದೆ. ಬಾಗಿಲ ಸಂದಿಯಲ್ಲಿ ಒಬ್ಬ ಹುಡುಗಿ ಕಾಣಿಸುತ್ತಿದ್ದಳು, ಸತ್ತ ಟ್ಯಾಬ್ಲೆಟ್ಟನ್ನು ಅಂಗಿಯ ತೋಳಿನಿಂದ ಉಜ್ಜುತ್ತಿದ್ದಳು, ಉಜ್ಜಿದರೆ ಜೀವ ಬರುತ್ತದೇನೋ ಅನ್ನುವಂತೆ.

"ಕೇಳ್ಕೊಂಡು ನಿಂತ್ಕೋಬೇಡ. ನಡಿ," ಅಂದೆ.

ಅವಳು ಯಂತ್ರದ ಕೋಣೆಗೆ ಹೋಗಿ ಲೆಕ್ಕಪತ್ರವನ್ನು ಮುಚ್ಚಿದಳು. ಕಂಟ್ರೋಲರನ್ನೂ ನಿಲ್ಲಿಸಿ, ದೊಡ್ಡ ಪಾಲನ್ನು ಅದಕ್ಕೆ ಬರೆದು, ಮತ್ತೆ ಎಬ್ಬಿಸಿದಳು. ಅದು ಏಳುವವರೆಗೆ ಇದ್ದಬದ್ದ ವೈಫೈಯೂ ಸತ್ತಿತ್ತು. ಸೂರಿನ ತಟ್ಟೆಗಳ ದೀಪಗಳು ಒಂದೊಂದಾಗಿ ಕೆಂಪಾದವು. ಪರೀಕ್ಷಾಧಿಕಾರಿ ಕಾಗದ ಮಡಚತೊಡಗಿದಳು. ಅಷ್ಟರಲ್ಲಿ ತೊಕ್ತೊಸುನ್ ಅಂಗಳದ ಹಿಮದಲ್ಲಿ ದಾಪುಗಾಲು ಹಾಕುತ್ತ ಬಂದ, ಹಿಂದೆ ಶೆರ್ಮತ್. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಪಾ, ದಾರಿ ಬಿಡಿ."

"ಬಿಡ್ತೀನಿ ಮಗಾ, ಮೊದಲು ಹಿಮ ಕೊಡವಿ ಕೋಟು ಕೊಡು. ಒದ್ದೆ ಕೋಟಲ್ಲಿ ಒಳಗ್ ಬಿಡಬೇಡ ಅಂತ ಆರ್ಡರ್ ಮಾಡಿದ್ದು ನೀನೇ ಅಲ್ವಾ?"

ನಾನು ಅವನಿಗಿಂತ ಹಿರಿಯಳು, ತಳ್ಳಿಕೊಂಡು ಹೋಗುವ ಹಾಗಿಲ್ಲ. ಗುಂಡಿ ಬಿಚ್ಚುತ್ತ ಹಲ್ಲು ಕಡಿದ. ಒಂದು ತೋಳು ಬಿಚ್ಚಿದ್ದ, ಇನ್ನೊಂದು ಬಿಚ್ಚುವಷ್ಟರಲ್ಲಿ ಪರೀಕ್ಷೆಯ ಹಾಲಿನೊಳಗಿಂದ ಯಾರೋ "ಬಂತು!" ಅಂದರು. ಆಮೇಲೆ ಆ ಮೂಲೆಯಿಂದ, ಈ ಮೂಲೆಯಿಂದ. ಕಡೆಗೆ ಸಾಲುಸಾಲೇ ತಲೆ ತಗ್ಗಿಸಿ ಬರೆಯತೊಡಗಿತು. ಪರೀಕ್ಷಾಧಿಕಾರಿ ಮಡಚಿದ ಕಾಗದವನ್ನು ಮತ್ತೆ ಬಿಡಿಸಿದಳು.

ಜಿಪಾರ್ ಕೋಣೆಯಿಂದ ಹೊರಬಂದಾಗ ಡೈರೆಕ್ಟರ್ ಕೇಳಿದ: "ಯಾರನ್ನ ಕೇಳಿ ಮುಚ್ಚಿದೆ?"

"ಯಾರನ್ನೂ ಕೇಳಿಲ್ಲ." ಈ ಸಲ ಕಣ್ಣು ಕೆಳಗೆ ಹಾಕಲಿಲ್ಲ.

ಅವನು ಹಾಲಿನ ಕಡೆ ನೋಡಿದ, ಶೆರ್ಮತನ ಕಡೆ ನೋಡಿದ. "ಆರಿಸಿದ್ದು ಸರಿ ಇದೆ, ನಡತೆ ಸರಿ ಇಲ್ಲ," ಅಂದು ಕೋಟನ್ನು ನನ್ನ ತೋಳ ಮೇಲೆ ಎಸೆದು ಒಳಹೋದ.

ಶೆರ್ಮತನ ಆ ಬೆಳಗಿನ ಕೆಲಸವೆಲ್ಲ ಹಾಳಾಗಿತ್ತು, ಪಾಪ, ಅದೂ ನಿಜವೇ. ಬಹಳ ದಿನ ನಮ್ಮಿಬ್ಬರ ಕೈಯ ಚಹಾ ಕುಡಿಯಲಿಲ್ಲ. ಆಮೇಲೆ ಇನ್ನೊಂದು ಪರೀಕ್ಷೆಯ ದಿನ ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ: "ನನ್ನ ಲೆಕ್ಕಪತ್ರ ಆಮೆ ಥರ ನಡೀತಿದೆ. ಏನು, ಇನ್ಮೇಲೆ ಸೊಸೆಯರೇ ಮೊದಲು ಉಣ್ಣೋದಾ?"

"ಪರೀಕ್ಷೆ ದಿನ ಮಾತ್ರ, ಬೈಕೆ," ಅಂದಳು ಜಿಪಾರ್, ತೆರೆಯ ಮೇಲಿಂದ ಕಣ್ಣು ತೆಗೆಯದೆ.